ಮಾಚಾದ ಮಹಿಮೆ, ಸೆಂಚಾದ ಸಾಕ್ಷ್ಯ

ಹಸಿರು ಚಹಾಗಳಲ್ಲಿ ಆರೋಗ್ಯಕ್ಕೆ ಯಾವುದು ಮೇಲು ಎಂದು ಇವತ್ತು ಯಾರನ್ನು ಕೇಳಿದರೂ ಬರುವ ಉತ್ತರ ಮಾಚಾ. ಬೆಂಗಳೂರಿನ ಕೆಫೆಗಳಲ್ಲಿ ಅದರದೇ ಮಾತು. ಜಪಾನಿನ ಊಜಿಯ ಹೆಸರಾಂತ ಚಹಾ ಮನೆತನಗಳು 2024ರಲ್ಲಿ ಮಾರಾಟಕ್ಕೆ ಮಿತಿ ಹಾಕಬೇಕಾಗಿ ಬಂತು. ಈ ಕೀರ್ತಿ ಯೋಗ್ಯತೆಯನ್ನು ಮೀರಿ ಬೆಳೆದಿದೆ, ಅದರ ಅಬ್ಬರದಲ್ಲಿ ಸೆಂಚಾ ಎಂಬ ದಿನಬಳಕೆಯ ಎಲೆಗೆ ಅನ್ಯಾಯವಾಗಿದೆ ಎಂಬುದು ನನ್ನ ವಾದ. ಹಸಿರು ಚಹಾದ ಆರೋಗ್ಯ ಗುಣಕ್ಕೆ ಕಾರಣವೆನ್ನಲಾಗುವ ಕ್ಯಾಟೆಚಿನ್‌ಗಳೆಂಬ ಸಂಯುಕ್ತಗಳ ಗುಣಗಾನ ಓದುಗರು ಸಾಕಷ್ಟು ಕೇಳಿರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಮಾಚಾದ ಪ್ರಚಾರವೆಲ್ಲ ನಿಂತಿರುವುದು ಒಂದು ಸಂಖ್ಯೆಯ ಮೇಲೆ: 137. ಬೇರೆ ಹಸಿರು ಚಹಾಗಳಿಗಿಂತ ಇದರಲ್ಲಿ 137 ಪಟ್ಟು ಹೆಚ್ಚು ಇಜಿಸಿಜಿ ಎಂಬ ಕ್ಯಾಟೆಚಿನ್ ಇದೆ ಎನ್ನುತ್ತಾರೆ. ಈ ಸಂಖ್ಯೆ ಬಂದದ್ದು ವೈಸ್ ಮತ್ತು ಆಂಡರ್ಟನ್ ಎಂಬ ಅಮೆರಿಕದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಅಲ್ಲಿ ಅವರು ಮಾಚಾವನ್ನು ಹೋಲಿಸಿದ್ದು ಮಾರುಕಟ್ಟೆಯ ಒಂದೇ ಒಂದು ಹಸಿರು ಚಹಾದೊಂದಿಗೆ. ಅದೇ ವಾಕ್ಯದ ಉತ್ತರಾರ್ಧದಲ್ಲಿ ಇನ್ನೊಂದು ಮಾತಿದೆ: ಇತರ ಹಸಿರು ಚಹಾಗಳ ಬಗ್ಗೆ ಅಲ್ಲಿಯವರೆಗೆ ದಾಖಲಾದ ಅತಿ ಹೆಚ್ಚಿನ ಪ್ರಮಾಣಕ್ಕೆ ಹೋಲಿಸಿದರೆ ಮಾಚಾದ್ದು ಕನಿಷ್ಠ ಮೂರು ಪಟ್ಟು. ಒಂದು ದುರ್ಬಲ ಚಹಾದ ಎದುರು 137, ಒಳ್ಳೆಯ ಚಹಾದ ಎದುರು ಮೂರು. ಪೊಟ್ಟಣಗಳ ಮೇಲೆ ಅಚ್ಚಾದದ್ದು ಪೂರ್ವಾರ್ಧ ಮಾತ್ರ. ಉತ್ತರಾರ್ಧವನ್ನು ನಮ್ಮ ಆರೋಗ್ಯ ಅಂಕಣಕಾರರೂ ಓದಲಿಲ್ಲ.

ಆ ಮೂರು ಪಟ್ಟೂ ಬಟ್ಟಲಿನಲ್ಲಿ ಉಳಿಯುತ್ತದೆಯೇ? ಜಪಾನ್ ಸರ್ಕಾರದ ಆಹಾರ ಸಂಯೋಜನಾ ಕೋಷ್ಟಕವನ್ನೇ ತೆಗೆದು ನೋಡೋಣ. ನೂರು ಗ್ರಾಂ ಮಾಚಾ ಪುಡಿಯಲ್ಲಿ ಟ್ಯಾನಿನ್ 10 ಗ್ರಾಂ; ಅಷ್ಟೇ ಸೆಂಚಾ ಎಲೆಯಲ್ಲಿ 13 ಗ್ರಾಂ. ಹಸಿರು ಚಹಾದ ಟ್ಯಾನಿನ್‌ನಲ್ಲಿ ಬಹುಪಾಲು ಕ್ಯಾಟೆಚಿನ್‌ಗಳೇ. ಅಂದರೆ ಎಲೆಗೆ ಎಲೆಯನ್ನು ತೂಗಿದರೆ ಸೆಂಚಾವೇ ಮುಂದು. ಕಾರಣ ಬೇಸಾಯದಲ್ಲಿದೆ. ಮಾಚಾದ ಗಿಡಗಳನ್ನು ಕೊಯ್ಲಿಗೆ ಮುನ್ನ ಮೂರು ವಾರದಷ್ಟು ಕಾಲ ನೆರಳಿನಲ್ಲಿ ಇಡುತ್ತಾರೆ. ಬಿಸಿಲು ಬಿದ್ದಾಗ ಎಲೆಯಲ್ಲಿನ ಥಿಯನೈನ್ ಎಂಬ ಅಮೈನೊ ಆಮ್ಲ ಕ್ಯಾಟೆಚಿನ್ ಆಗುತ್ತದೆ; ನೆರಳಿನಲ್ಲಿ ಆ ಬದಲಾವಣೆ ಕುಂಠಿತವಾಗಿ ಥಿಯನೈನ್ ಉಳಿಯುತ್ತದೆ, ರುಚಿ ಮೃದುವಾಗುತ್ತದೆ. ಮಾಚಾದ ಸವಿ ಹುಟ್ಟುವುದೇ ಕ್ಯಾಟೆಚಿನ್ ತಗ್ಗಿದ್ದರಿಂದ.

ಮಾಚಾಕ್ಕೆ ಇರುವ ಅನುಕೂಲ ಒಂದೇ: ಎಲೆಯನ್ನು ಸೋಸಿ ಬಿಸಾಡದೆ ಪೂರ್ತಿ ಸೇವಿಸುತ್ತೇವೆ. ಅದರ ಲೆಕ್ಕವನ್ನೂ ಹಾಕೋಣ. ಒಂದು ಬಟ್ಟಲಿಗೆ 2 ಗ್ರಾಂ ಪುಡಿ ಎಂದರೆ 200 ಮಿಲಿಗ್ರಾಂ ಟ್ಯಾನಿನ್, 64 ಮಿಲಿಗ್ರಾಂ ಕೆಫೀನ್. ಅದೇ ಕೋಷ್ಟಕದ ಪ್ರಕಾರ 150 ಮಿಲಿಲೀಟರ್ ಸೆಂಚಾದಲ್ಲಿ ಸುಮಾರು 105 ಮಿಲಿಗ್ರಾಂ ಟ್ಯಾನಿನ್, 30 ಮಿಲಿಗ್ರಾಂ ಕೆಫೀನ್. ವ್ಯತ್ಯಾಸ ಎರಡು ಪಟ್ಟಿಗೂ ತುಸು ಕಡಿಮೆ, ಕೆಫೀನ್ ಮಾತ್ರ ಎರಡು ಪಟ್ಟು ದಾಟುತ್ತದೆ. ಎರಡು ಬಟ್ಟಲು ಸೆಂಚಾ ಕುಡಿದವರು ಸ್ವಲ್ಪ ಕಡಿಮೆ ಕೆಫೀನ್‌ನೊಂದಿಗೆ ಮಾಚಾ ಕೊಡುವಷ್ಟನ್ನೂ ಪಡೆದಿರುತ್ತಾರೆ. 137ರ ಕಥೆ ಇಲ್ಲಿಗೆ ಮುಗಿಯಿತು.

ಇಲ್ಲಿ ರಸಿಕ ವಿಮರ್ಶಕರು ಅಡ್ಡ ಬರುತ್ತಾರೆ. ಮಾಚಾ ಒಂದು ಧ್ಯಾನ, ಒಂದು ಕಲೆ, ಅದನ್ನು ಮಿಲಿಗ್ರಾಂಗಳಲ್ಲಿ ಅಳೆಯುವುದು ಅರಸಿಕತನ ಎನ್ನುತ್ತಾರೆ. ಇದು ಇತಿಹಾಸವನ್ನು ಮರೆತ ಮಾತು. ಜಪಾನಿನಲ್ಲಿ ಪುಡಿ ಚಹಾಕ್ಕೆ ಗೌರವ ತಂದುಕೊಟ್ಟ ಝೆನ್ ಭಿಕ್ಷು ಐಸಾಯ್ 1211ರಲ್ಲಿ ಬರೆದ 'ಕಿಸ್ಸಾ ಯೋಜೋಕಿ' ಚಹಾದಿಂದ ಆರೋಗ್ಯ ಕಾಯ್ದುಕೊಳ್ಳುವುದನ್ನು ಕುರಿತ ಗ್ರಂಥವೇ. ಆರೋಗ್ಯದ ಪ್ರಶ್ನೆ ಈ ಪರಂಪರೆಗೆ ಹೊರಗಿನದಲ್ಲ. ಮಾಚಾದ ರುಚಿಯನ್ನೂ ಆಚರಣೆಯ ಚೆಲುವನ್ನೂ ನಾನು ಮೆಚ್ಚುತ್ತೇನೆ. ಆದರೆ ಆರೋಗ್ಯದ ಹೆಸರಿನಲ್ಲಿ ಮಾರಿ, ಲೆಕ್ಕ ಕೇಳಿದಾಗ ಕಲೆಯ ಹಿಂದೆ ನಿಲ್ಲುವುದು ಪ್ರಾಮಾಣಿಕವಲ್ಲ.

ಯಾವ ಹಸಿರು ಚಹಾವಾದರೂ ಒಂದೇ ಎನ್ನುವವರೂ ಅಷ್ಟೇ ತಪ್ಪು. ಮಿಯಾಗಿ ಪ್ರಾಂತದ ಒಸಾಕಿಯಲ್ಲಿ 40,530 ಜನರನ್ನು 11 ವರ್ಷಗಳವರೆಗೆ ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ ಒಟ್ಟು ಸಾವಿನ ಪ್ರಮಾಣ, ಅದರಲ್ಲೂ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾಗುವ ಸಾವು, ಕಡಿಮೆ ಕಂಡಿತು. ಕ್ಯಾನ್ಸರ್ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಂಥ ಅಧ್ಯಯನ ಕಾರಣವನ್ನು ಸಾಧಿಸಿ ತೋರಿಸುವುದಿಲ್ಲ. ಆದರೆ ಜಪಾನಿನ ಮನೆಗಳಲ್ಲಿ ದಿನಕ್ಕೆ ಐದಾರು ಬಾರಿ ಕುಡಿಯುವುದು ಎಲೆ ನೆನೆಸಿ ಸೋಸಿದ, ಸಕ್ಕರೆಯಿಲ್ಲದ ಚಹಾವನ್ನು. ಕೆಫೆಯ ಹಾಲು ಸಕ್ಕರೆಯ ಮಾಚಾಕ್ಕೆ ಈ ಸಾಕ್ಷ್ಯವನ್ನು ಎರವಲು ಕೊಡಲಾಗದು. ಮಾತ್ರೆಗಳ ಮಾತಂತೂ ಬೇಡ: ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಪೂರಕಗಳ ರೂಪದಲ್ಲಿ ಸೇವಿಸಿದರೆ ಯಕೃತ್ತಿಗೆ ಹಾನಿಯಾಗುವ ಸೂಚನೆಗಳಿವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ.

ನನ್ನ ತೀರ್ಪು ಇಷ್ಟು. ಆರೋಗ್ಯಕ್ಕಾಗಿ ಹಸಿರು ಚಹಾ ಕುಡಿಯುವುದಾದರೆ ಬಿಸಿಲಿನಲ್ಲಿ ಬೆಳೆದ ಬಿಡಿ ಎಲೆಯನ್ನು ಕೊಳ್ಳಿ. ಕುದಿ ಇಳಿದ ನೀರಿನಲ್ಲಿ ಒಂದೆರಡು ನಿಮಿಷ ನೆನೆಸಿ, ಸೋಸಿ, ಬಾಯಿ ಸುಡದಷ್ಟು ಆರಿಸಿ, ಏನೂ ಬೆರೆಸದೆ ಕುಡಿಯಿರಿ. ಚಹಾ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತದೆ. ರಕ್ತಹೀನತೆ ಇರುವವರು ಊಟದ ಜೊತೆಗೆ ಅದನ್ನು ಕುಡಿಯಲೇಬಾರದು. ಮಾಚಾ ಇಷ್ಟವಾದರೆ ರುಚಿಗಾಗಿ ಕುಡಿಯಿರಿ, 137ರ ಆಸೆಗೆ ದುಬಾರಿ ಬೆಲೆ ತೆರಬೇಡಿ.