ಕಡಲತಳದ ಜೇಡಿಗೆ ಒಂದೇ ಅಂಕಿ ಸಾಕೆ?

ಮೂಡಿಗೆರೆ ತಾಲ್ಲೂಕಿನ ದೇವರಮನೆಯ ಬೆಟ್ಟಸಾಲಿನಲ್ಲಿ ಬಿದ್ದ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ. ಪೂರ್ವಕ್ಕೆ ಹರಿದದ್ದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ಇಳಿದದ್ದು ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರಕ್ಕೆ. ನೀರಿನೊಡನೆ ಘಟ್ಟದ ನುಣ್ಣನೆಯ ಮಣ್ಣೂ ಹೋಗುತ್ತದೆ. ನದಿಗಳು ತಂದ ಇಂಥ ಕೆಸರು ನಮ್ಮ ಕರಾವಳಿಯಾಚೆ ಸುಮಾರು 50 ಮೀಟರ್ ಆಳದವರೆಗಿನ ಕಡಲತಳದ ಬಹುಭಾಗವನ್ನು ಹೊದೆಸಿದೆ. ಅಲೆತಡೆ ಗೋಡೆ, ಜೆಟ್ಟಿ, ತೈಲದ ಕೊಳವೆ, ಲಂಗರು ಎಲ್ಲವೂ ಇಂಥ ಜೇಡಿಯನ್ನೇ ನಂಬಬೇಕು.

ಒಂದು ಪದರ ಇನ್ನೊಂದರ ಮೇಲೆ ಜಾರದಂತೆ ಮಣ್ಣು ಒಡ್ಡುವ ಪ್ರತಿರೋಧವನ್ನು ಎಂಜಿನಿಯರುಗಳು ಶಿಯರ್ ಬಲ ಎನ್ನುತ್ತಾರೆ. ಮೆತು ಜೇಡಿಯ ಮೇಲ್ಪದರದಲ್ಲಿ ಇದು 5 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಇರುವುದುಂಟು. ಅಂದರೆ ಅರ್ಧ ಮೀಟರ್ ಎತ್ತರದ ನೀರು ತನ್ನ ತಳದ ಮೇಲೆ ಹೇರುವಷ್ಟು ಒತ್ತಡವೂ ಅಲ್ಲ! ವರದಿಗಳು ಈ ಬಲವನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವ ರೂಢಿಗೆ ನಮ್ಮ ಆಕ್ಷೇಪವಿದೆ. ಆ ಅಂಕಿ ಮಣ್ಣಿನ ಗುಣವೆಷ್ಟೋ ಅಳೆದ ವಿಧಾನದ ಗುಣವೂ ಅಷ್ಟೇ.

ಭೂಮಿಯ ಮೇಲೆ ಬಳಕೆಯಲ್ಲಿರುವ ಎಸ್‌ಪಿಟಿ ಪರೀಕ್ಷೆಯನ್ನೇ ನೋಡಿ. 63.5 ಕಿಲೋಗ್ರಾಂ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಬೇಕಾದ ಪೆಟ್ಟುಗಳನ್ನು ಎಣಿಸುತ್ತಾರೆ. ಮೆತು ಜೇಡಿಯಲ್ಲಿ ಸರಳು ತನ್ನ ಭಾರಕ್ಕೇ ಇಳಿದುಬಿಡಬಹುದು. ಆಗ ಎಣಿಸುವುದೇನನ್ನು? ಮರಳಿಗೆ ಒಪ್ಪುವ ಈ ಪರೀಕ್ಷೆ ಇಲ್ಲಿ ಸಲ್ಲದು.

ಮಾದರಿಯನ್ನು ಮೇಲೆತ್ತಿ ಪ್ರಯೋಗಾಲಯದಲ್ಲಿ ಅಳೆಯಬಹುದಲ್ಲವೇ ಎಂದು ನೀವು ಕೇಳಬಹುದು. ಮೇಲೆ ಬರುವಾಗ ಜೇಡಿಯ ಮೇಲಿದ್ದ ಒತ್ತಡ ಇಳಿಯುತ್ತದೆ, ಕರಗಿದ್ದ ಅನಿಲ ಗುಳ್ಳೆಯಾಗುತ್ತದೆ, ಹಡಗಿನ ಕುಲುಕಾಟವೂ ಸೇರುತ್ತದೆ. ಇದರಿಂದ ಬಲ ಕುಗ್ಗುವುದೇ ಹೆಚ್ಚು.

ನಾಲ್ಕು ರೆಕ್ಕೆಗಳ ವೇನ್ ಉಪಕರಣವನ್ನು ಜೇಡಿಯೊಳಗೇ ತಿರುಗಿಸಿ ಅಳೆಯುವುದು ಇದಕ್ಕಿಂತ ಮೇಲು. ಆದರೆ ಅದು ಮಣ್ಣನ್ನು ಕೆಲವೇ ನಿಮಿಷಗಳಲ್ಲಿ ಮುರಿಯುತ್ತದೆ. ಏರಿಯ ಭಾರಕ್ಕೆ ಮಣ್ಣು ಸೋಲುವುದು ದಿನ, ವಾರಗಳಲ್ಲಿ. ಕುಸಿದ ಏರಿಗಳನ್ನು ಪರಿಶೀಲಿಸಿದ ನಾರ್ವೆಯ ಲಾರಿಟ್ಸ್ ಬ್ಯೆರ್ರುಮ್ 1972ರಲ್ಲಿ ವೇನ್ ಅಂಕಿಗೆ ತಿದ್ದುಪಡಿ ಸೂಚಿಸಿದರು. ಜಿಗುಟು ಹೆಚ್ಚಿದಷ್ಟೂ ಅಂಕಿಯನ್ನು ಇಳಿಸಬೇಕು. ಬಹಳ ಜಿಗುಟಾದ ಜೇಡಿಗೆ ಗುಣಕ 0.7ರ ಆಸುಪಾಸಿಗೆ ಬರುತ್ತದೆ.

ಕಡಲಲ್ಲಿ ಇಂದು ಹೆಚ್ಚು ಬಳಸುವುದು ಶಂಕುವನ್ನು. ಸೆಕೆಂಡಿಗೆ 2 ಸೆಂಟಿಮೀಟರ್ ವೇಗದಲ್ಲಿ ಒತ್ತಿ, ತುದಿಯ ಪ್ರತಿರೋಧವನ್ನು ಒಂದು ಗುಣಕದಿಂದ ಭಾಗಿಸುತ್ತಾರೆ. ಗುಣಕ ಸಾಮಾನ್ಯವಾಗಿ 10ರಿಂದ 20ರವರೆಗೆ ಇರಬಹುದು. ನಿವ್ವಳ ಪ್ರತಿರೋಧ 120 ಕಿಲೋಪ್ಯಾಸ್ಕಲ್ ಇದ್ದರೆ ಬಲ 12 ಆಗಬಹುದು, 6 ಕೂಡ ಆಗಬಹುದು. ಮಣ್ಣು ಅದೇ, ಉತ್ತರ ಮಾತ್ರ ಇಮ್ಮಡಿ! 1991ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸ್ಟುವರ್ಟ್ ಮತ್ತು ರ‍್ಯಾಂಡಾಲ್ಫ್ ಪ್ರಕಟಿಸಿದ ಟಿ-ಬಾರ್‌ನಲ್ಲಿ ಅಡ್ಡ ಸರಳಿನ ಸುತ್ತ ಜೇಡಿ ಹರಿಯುತ್ತದೆ. ಆದ್ದರಿಂದ ಮೇಲಿನ ಮಣ್ಣು ಮತ್ತು ನೀರಿನ ಒತ್ತಡ ಬಹುಮಟ್ಟಿಗೆ ಸರಿದೂಗುತ್ತದೆ. ಅದರ ಗುಣಕ ಸುಮಾರು 10.5. ಮೇಲೆ ಕೆಳಗೆ ಆಡಿಸಿದರೆ ಕಲಕಿದ ಜೇಡಿಯ ಬಲವೂ ಸಿಗುತ್ತದೆ.

ಸಂಶಯವಿದ್ದರೆ ಕಡಿಮೆ ಅಂಕಿ ಹಿಡಿದರಾಯಿತು, ಸುರಕ್ಷಿತ ಎಂಬ ವಾದವುಂಟು. ಇದೂ ಅರ್ಧ ಸತ್ಯ. ಬಲ ಕಡಿಮೆಯೆಂದು ನಂಬಿ ತಂದ ಲಂಗರಿನ ಕಂಬ ಗಟ್ಟಿ ಜೇಡಿಯಲ್ಲಿ ನಡುವೆಯೇ ನಿಂತುಬಿಡಬಹುದು. ಆದ್ದರಿಂದ ಕೆಳಮಿತಿ, ಮೇಲ್ಮಿತಿ ಎರಡೂ ಬೇಕು.

ಈ ಮಾತು ಘಟ್ಟಕ್ಕೂ ಅನ್ವಯಿಸುತ್ತದೆ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದವು. ಕಡಲತಳದ ಜೇಡಿ ಸದಾ ನೀರಿನಿಂದ ತುಂಬಿರುತ್ತದೆ. ಗುಡ್ಡದ ಮಣ್ಣು ಹಾಗಲ್ಲ. ಬೇಸಿಗೆಯಲ್ಲಿ ಅಳೆದ ಬಲ ಶ್ರಾವಣದ ಮಳೆಯಲ್ಲಿ ಉಳಿಯದು. ಹಾಗಾಗಿ ಯಾವುದೇ ಮಣ್ಣಿನ ವರದಿ ಕೈಗೆ ಬಂದಾಗ ಅಂಕಿಯನ್ನಷ್ಟೇ ನೋಡಬೇಡಿ. ಯಾವ ಉಪಕರಣ, ಯಾವ ವೇಗ, ಯಾವ ಗುಣಕ, ಯಾವ ಕಾಲ ಎಂದು ಕೇಳಿ. ಉತ್ತರವಿಲ್ಲದ ಅಂಕಿಯ ಮೇಲೆ ಏನನ್ನೂ ಕಟ್ಟಬಾರದು.