ಮೊದಲ ಕ್ಯಾಮರಾ, ಅಷ್ಟೂರಿನ ಕತ್ತಲು

ಬಗದಲ್‌ನಿಂದ ಬೀದರಿಗೆ ಹೊರಟ ಬಸ್ಸಿನಲ್ಲಿ ತಂಗಿಯ ಮಗ ತನ್ನ ಮೊಬೈಲ್ ನನ್ನ ಕೈಗಿಟ್ಟು, "ಮಾಮಾ, ಇದ್ರಾಗ ಯಾವ್ದ್ ತಗೊಳ್ಲಿ?" ಅಂದ. ಪರದೆಯ ಮೇಲೆ ಮೂರು ಡಿಎಸ್‌ಎಲ್‌ಆರ್‌ಗಳಿದ್ದವು: ಕ್ಯಾನನ್ 3000ಡಿ, ಕ್ಯಾನನ್ 1500ಡಿ, ನಿಕಾನ್ ಡಿ3500. ಮೂರೂ 2018ರಲ್ಲಿ ಬಂದವು, ಮೂರೂ ಹೊಸಬರಿಗೆಂದೇ ಮಾಡಿದವು. ಕ್ಯಾನನ್ ಎರಡೂ ಹೊಸವು, ನಿಕಾನ್ ಮಾತ್ರ ಸೆಕೆಂಡ್ ಹ್ಯಾಂಡ್. ಪ್ರತಿಯೊಂದರ ಕೆಳಗೂ ಮೆಗಾಪಿಕ್ಸೆಲ್ ಲೆಕ್ಕ: 18, 24.1, 24.2. ಸ್ಟುಡಿಯೋದಲ್ಲಿ ವರ್ಷವಿಡೀ ಮದುವೆ ಆಲ್ಬಮ್ ಜೋಡಿಸಿ ಕೂಡಿಟ್ಟ 35 ಸಾವಿರ ರೂಪಾಯಿ ಅವನ ಹತ್ತಿರವಿತ್ತು. "ಏನೇನ್ ತೆಗೀಬೇಕಂತಿ?" ಎಂದು ಕೇಳಿದೆ. "ಎಲ್ಲಾ" ಅಂದ.

ಮೊದಲ ಕ್ಯಾಮರಾ ಕೊಳ್ಳುವ ನಮ್ಮ ರೂಢಿಯ ಬಗ್ಗೆ ನನ್ನ ತಕರಾರು ಈ "ಎಲ್ಲಾ"ದಿಂದಲೇ ಶುರುವಾಗುತ್ತದೆ. ಬಾಡಿಯ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ತೂಗುತ್ತೇವೆ, ಜೊತೆಗೆ ಎರಡು ಲೆನ್ಸು, ಬ್ಯಾಗು, ಸ್ಟ್ಯಾಂಡು ಪುಕ್ಕಟೆ ಎಂದರೆ ಒಪ್ಪಿಬಿಡುತ್ತೇವೆ. ಯಾವ ಬೆಳಕಿನಲ್ಲಿ ನಿಂತು ಏನನ್ನು ತೆಗೆಯುತ್ತೇವೆ ಅನ್ನುವುದು ಆ ತೂಕದಲ್ಲಿ ಬರುವುದೇ ಇಲ್ಲ. ನಾನೂ ಹಾಗೇ ಕೊಂಡವನು. ಅಂಗಡಿಯವರು ಕಟ್ಟಿಕೊಟ್ಟ ಎರಡು ಲೆನ್ಸಿನ ಜೋಡಿಯನ್ನು ಹೊತ್ತು ಮೊದಲ ವಾರವೇ ಅಷ್ಟೂರಿಗೆ ಹೋಗಿದ್ದೆ.

ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. 1436ರಲ್ಲಿ ತೀರಿಕೊಂಡ ಅಹಮದ್ ಶಾಹ ವಲಿಯ ಗುಮ್ಮಟದೊಳಗೆ ಗೋಡೆಯಿಂದ ನೆತ್ತಿಯವರೆಗೆ ಬಂಗಾರ, ಕೆಂಪು, ನೀಲಿಯ ಚಿತ್ತಾರ. ಆದರೆ ಒಳಗೆ ಕಾಲಿಟ್ಟ ಕೂಡಲೇ ಕಾಣುವುದು ಕತ್ತಲು ಒಂದೇ. ಅಂದು ಕಾವಲಿನವರು ಬಾಗಿಲ ಹೊರಗೆ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಹಾಯಿಸಿದರು. ಬೆಳಕಿನ ಬಿಲ್ಲೆ ಗೋಡೆಯ ಮೇಲೆ ಹರಿದಾಡಿದಂತೆ ಬಳ್ಳಿ, ಹೂವು, ಅಕ್ಷರ ಒಂದೊಂದೇ ಎದ್ದು ಬಂದವು. ನನ್ನ ಕ್ಯಾಮರಾ ಮಾತ್ರ ಅಲ್ಲಿ ಸೋತಿತು.

ಸೋತದ್ದು ಯಾಕೆಂದು ಲೆಕ್ಕ ಹಾಕಿ ನೋಡಬಹುದು. 18-55ರ ಕಿಟ್ ಲೆನ್ಸನ್ನು ಮುಂದಕ್ಕೆ ಚಾಚಿದರೆ ಅದರ ಬಾಯಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂನ ಎಫ್ 1.8 ಲೆನ್ಸು ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಬಿಡುತ್ತದೆ. ಒಂದಕ್ಕೆ ಸೆಕೆಂಡಿನ ಎಂಟನೇ ಒಂದು ಪಾಲು ಬೇಕಾದ ಕಡೆ ಇನ್ನೊಂದಕ್ಕೆ ಎಂಬತ್ತನೇ ಒಂದು ಪಾಲು ಸಾಕು. ಗೋಡೆ ಅಲುಗಾಡುವುದಿಲ್ಲವಲ್ಲ, ಕಿಟ್ ಲೆನ್ಸಿನಲ್ಲಿ ಕೈನಡುಕ ತಡೆಯುವ ಏರ್ಪಾಡು ಇದೆಯಲ್ಲ ಎಂದು ಯಾರಾದರೂ ಕೇಳಿದರೆ ಆ ಮಾತು ನಿಜ. ಬರೀ ಚಿತ್ತಾರಕ್ಕೆ ಅದು ಸಾಕಾದೀತು. ಸ್ಟ್ಯಾಂಡು ಇಡೋಣವೆಂದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು. ಆದರೆ ಅಷ್ಟೂರು ಬರೀ ಗೋಡೆಯಲ್ಲ. ಅಲ್ಲಿ ಮಲಗಿರುವವನನ್ನು ಮುಸಲ್ಮಾನರು ವಲಿ ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಎಂದು ನಂಬಿ ಬರುತ್ತಾರೆ. ಜಾತ್ರೆಯ ದಿನ ಗೋರಿಯ ಮುಂದೆ ಬಾಗುವ ಮುದುಕಿಯ ಮುಖ ಸೆಕೆಂಡಿನ ಎಂಟನೇ ಪಾಲಿನಷ್ಟು ಹೊತ್ತೂ ನಿಲ್ಲುವುದಿಲ್ಲ. ಕೈನಡುಕವನ್ನು ಲೆನ್ಸು ತಡೆಯುತ್ತದೆ, ಅವಳ ಉಸಿರನ್ನು ತಡೆಯುವುದಿಲ್ಲ. ನನಗೆ ಬೀದರಿನ ನಿಜವಾದ ಚಿತ್ರ ಆ ಮುದುಕಿಯದು. ಅದನ್ನು ತೆಗೆಯಲಾಗದ ಕ್ಯಾಮರಾವನ್ನು ಈ ಜಿಲ್ಲೆಯ ಹುಡುಗನಿಗೆ ನಾನು ಹೇಗೆ ಹೇಳಲಿ?

ಇನ್ನು ಆ ಮೂರರ ಮಾತು. 3000ಡಿಯ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ಬೆಲೆ ಇಳಿಸಲು ಅದರಲ್ಲಿ ಕಿತ್ತ ಒಂದೊಂದು ಭಾಗವೂ ನಮ್ಮ ಕಡೆಯವರಿಗೆ ಬೇಕಾದದ್ದೇ. ಲೆನ್ಸು ಕೂರುವ ಬಳೆ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ಸೆನ್ಸರಿನ ಧೂಳು ತಾನಾಗಿ ಕೊಡವುವ ವ್ಯವಸ್ಥೆ ಇಲ್ಲ. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು ಎಷ್ಟು ಏಳುತ್ತದೆಂದು ಇಲ್ಲಿ ಬಟ್ಟೆ ಒಣಹಾಕಿದವರಿಗೆ ಗೊತ್ತು. ಕಣ್ಣಿಟ್ಟು ನೋಡುವ ಕಿಂಡಿಯನ್ನು ಕನ್ನಡಕದ ನಂಬರಿಗೆ ಹೊಂದಿಸುವ ಗಾಲಿಯೂ ಇಲ್ಲ, ಮನೆಗೆ ಒಂದೇ ಕ್ಯಾಮರಾ ಇದ್ದು ಅದನ್ನು ಅಪ್ಪ, ಮಗ ಇಬ್ಬರೂ ಹಿಡಿಯುವ ಕಡೆ ಇದು ಸಣ್ಣ ಕೊರತೆಯಲ್ಲ. ಫ್ಲಾಶ್ ಕೂರುವ ಜಾಗದ ನಡುವಿನ ಪಿನ್ನನ್ನೂ ತೆಗೆದುಹಾಕಿದ್ದಾರೆ. ಪಿನ್ನಿನ ವಿಷಯದಲ್ಲಿ 1500ಡಿಯದೂ ಅದೇ ಕಥೆ. ಸ್ಟುಡಿಯೋಗಳಲ್ಲಿ ಎಲ್ಲ ಕಂಪನಿಯ ಕ್ಯಾಮರಾಗಳಿಗೂ ನಡೆಯುವ ಹಳೇ ಫ್ಲಾಶು, ಹಳೇ ಟ್ರಿಗರು ಬೆಳಗುವುದು ಆ ಒಂದು ಪಿನ್ನಿನಿಂದ. ಮದುವೆ ಸೀಜನ್ನಿನಲ್ಲಿ ಕೆಲಸ ಕಲಿಯಲು ಹೊರಟ ಹುಡುಗ ಅದಿಲ್ಲದೆ ಏನು ಮಾಡಬೇಕು? ಹೊಸಬರಿಗೆ ಇಷ್ಟು ಸಾಕು ಎಂದು ತೀರ್ಮಾನಿಸಿದವರು ಹೊಸಬರನ್ನು ಕಲಿಯುವವರೆಂದು ಕಂಡಿಲ್ಲ, ಬರೀ ಗಿರಾಕಿಗಳೆಂದು ಕಂಡಿದ್ದಾರೆ. ಇದು ನನಗೆ ಸಿಟ್ಟು ತರಿಸುತ್ತದೆ.

ಡಿ3500 ಆ ಎರಡಕ್ಕಿಂತ ಎಷ್ಟೋ ಮೇಲು. ಬಾಡಿ, ಬ್ಯಾಟರಿ ಸೇರಿ ಅರ್ಧ ಕಿಲೋಕ್ಕಿಂತ ಕಡಿಮೆ ತೂಕ, ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಯ ಲೆಕ್ಕದಲ್ಲಿ 1,550 ಚಿತ್ರ. ಕರೆಂಟು ನಂಬಲಾಗದ ಊರಿಗೆ ಇದು ದೊಡ್ಡ ಗುಣ. ಆದರೆ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಹಾಗಾಗಿ ಅಗ್ಗಕ್ಕೆ ಸಿಗುವ ಹಳೇ 50 ಎಂಎಂ ಡಿ ಮಾದರಿಯ ಲೆನ್ಸು ಹಾಕಿದರೆ ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ತಿರುಗಿಸುವ ಗಾಲಿಯೂ ಒಂದೇ. ಮ್ಯಾನುಯಲ್‌ನಲ್ಲಿ ಶಟರ್ ಬದಲಿಸಲು ಗಾಲಿ ತಿರುಗಿಸಿದರೆ ಸಾಕು, ಅಪರ್ಚರ್‌ಗಾದರೆ ಗುಂಡಿ ಒತ್ತಿ ಹಿಡಿದು ತಿರುಗಿಸಬೇಕು. ಕಲಿಯುವ ಬೆರಳಿಗೆ ಇದು ತೊಡಕು.

ನಾನು ಹೇಳಿದ್ದು ಪಟ್ಟಿಯಲ್ಲಿ ಇಲ್ಲದ್ದನ್ನು: 2010ರ ನಿಕಾನ್ ಡಿ7000, ಸೆಕೆಂಡ್ ಹ್ಯಾಂಡ್, ಜೊತೆಗೆ 35 ಎಂಎಂ ಎಫ್ 1.8 ಲೆನ್ಸು ಒಂದೇ ಒಂದು. ಗಾಲಿ ಎರಡು, ಬಾಡಿಯಲ್ಲೇ ಮೋಟಾರು, ಫ್ಲಾಶಿನ ಪಿನ್ನೂ ಇದೆ. "ಬರೇ 16 ಮೆಗಾಪಿಕ್ಸೆಲ್ ಮಾಮಾ!" ಎಂದು ಅವನ ಮುಖ ಸಣ್ಣದಾಯಿತು. ನೀನೇ ಜೋಡಿಸುವ ಕರಿಜ್ಮಾ ಆಲ್ಬಮ್ಮಿನ ಹಾಳೆ 12×36 ಇಂಚು. ಅದರ ಅರ್ಧಕ್ಕೆ ಒಂದು ಚಿತ್ರ ತುಂಬಿದರೂ 16 ಧಾರಾಳ ಸಾಕು ಅಂದೆ. ಅದು ಅವನ ಕಸುಬಿನ ಲೆಕ್ಕವಾದ್ದರಿಂದ ಬೇಗ ಒಪ್ಪಿದ.

ಡಿಎಸ್‌ಎಲ್‌ಆರ್ ಕಾಲವೇ ಮುಗಿಯಿತು, ಮಿರರ್‌ಲೆಸ್ ತಗೊಳ್ಳಬೇಕು ಎನ್ನುವವರಿದ್ದಾರೆ. ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ, ನಿಜ. ಹಣವಿದ್ದವರು ಮಿರರ್‌ಲೆಸ್ಸನ್ನೇ ಕೊಳ್ಳಲಿ, ಅದರ ಫೋಕಸ್ ಕಣ್ಣನ್ನೇ ಹುಡುಕಿ ಹಿಡಿಯುತ್ತದೆ. ಆದರೆ ಉಳ್ಳವರು ಅತ್ತ ಹೊರಳಿದ್ದರಿಂದಲೇ ಒಂದು ಕಾಲಕ್ಕೆ ನಮ್ಮ ಕೈಗೆ ಎಟುಕದಿದ್ದ ಬಾಡಿಗಳು ಈಗ 35 ಸಾವಿರದೊಳಗೆ ಬಂದಿವೆ. ಅದಲ್ಲದೆ ಮೇ ತಿಂಗಳ ಬಿಸಿಲಿನಲ್ಲಿ ಕೋಟೆಯ ಬುರುಜಿನ ಮೇಲೆ ಮೊಬೈಲ್ ಪರದೆ ಕುರುಡಾದಾಗ ಡಿಎಸ್‌ಎಲ್‌ಆರಿನ ಕಿಂಡಿಗೆ ಕಣ್ಣಿಟ್ಟು ನೋಡಿ. ಒಳಗಿನ ಕನ್ನಡಿ ತಂದುಕೊಡುವುದು ಎದುರಿನ ಬೆಳಕನ್ನೇ.

ಹಳೆಯದನ್ನು ಕೊಳ್ಳುವಾಗ ಮಾತ್ರ ಅವಸರ ಸಲ್ಲ. ಆ ಡಿ7000 ಕೊಳ್ಳಲು ಹೈದರಾಬಾದಿಗೆ ಹೋದ ದಿನ ಅರ್ಧ ಹೊತ್ತು ಪರೀಕ್ಷೆಯಲ್ಲೇ ಕಳೆದೆವು. ಒಂದು ಚಿತ್ರ ತೆಗೆದು ಅದರೊಳಗಿನ ಮಾಹಿತಿಯಿಂದ ಶಟರ್ ಎಷ್ಟು ಸಲ ಬಡಿದಿದೆ ಎಂದು ನೋಡಿದೆವು. ಆ ಮಾದರಿಯ ಶಟರನ್ನು 1,50,000 ಹೊಡೆತಕ್ಕೆ ಪರೀಕ್ಷಿಸಿರುತ್ತಾರೆ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆ ತೆಗೆದರೆ ಸೆನ್ಸರಿನ ಕಲೆಗಳೆಲ್ಲ ಕಂಡುಬಿಡುತ್ತವೆ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟಿನ ಎಳೆ ಇದೆಯೇ ಎಂದು ಹುಡುಕಬೇಕು. ಮೊದಲು ತೋರಿಸಿದ ಲೆನ್ಸಿನಲ್ಲಿ ಅದಿತ್ತು, ವಾಪಸು ಕೊಟ್ಟೆವು.

ಬೀದರಿಗೆ ಬಂದ ಮೇಲೆ ಅವನು ಮೊದಲು ತೆಗೆದದ್ದು ಬಿದ್ರಿ ಸುರಾಯಿಯನ್ನು. ಚಿತ್ರ ಬೂದುಬಣ್ಣಕ್ಕೆ ಬಂತು. ಕ್ಯಾಮರಾದ ಮೀಟರು ಕಂಡದ್ದನ್ನೆಲ್ಲ ನಡುವಿನ ಬೂದಿಗೆ ಎಳೆಯುತ್ತದೆ, ಕರಿಯದನ್ನೂ ಬಿಳಿಯದನ್ನೂ. ಸತು, ತಾಮ್ರದ ಪಾತ್ರೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿ ಹಚ್ಚಿ ಆ ಕಪ್ಪನ್ನು ಬರಿಸುವುದೇ ಬಿದ್ರಿಯ ಜೀವ. ಅದರ ಮೇಲೆಯೇ ಬೆಳ್ಳಿಯ ಎಳೆ ಹೊಳೆಯಬೇಕು. ಕಪ್ಪು ಕಪ್ಪಾಗಿ ಬರದ ಚಿತ್ರ ಕಸುಬುದಾರನ ಬಗ್ಗೆ ಸುಳ್ಳು ಹೇಳಿದಂತೆ. ಎಕ್ಸ್‌ಪೋಶರನ್ನು ಎರಡು ಸ್ಟಾಪ್ ಇಳಿಸಿ, ಬಿಸಿಲಿಗೆ ಒಡ್ಡದೆ ಕಿಟಕಿಯ ಬದಿಗೆ ಬಿಳಿ ಧೋತರ ಇಳಿಬಿಟ್ಟು ತೆಗೆ ಅಂದೆ. ಸಂಜೆಯವರೆಗೆ ಅದನ್ನೊಂದೇ ತೆಗೆದ. ಅಪರ್ಚರ್ ಏನು, ಶಟರ್ ಏನು ಎಂದು ಆಮೇಲೆ ಅವನು ನನ್ನನ್ನು ಕೇಳಿಲ್ಲ.

ಒಂದೇ ಲೆನ್ಸಿನಿಂದ ಕಳೆದುಕೊಳ್ಳುವುದೂ ಇದೆ. ಬೀದರಿನ ಮಹಮೂದ್ ಗವಾನನ ಮದರಸಾದ ಎದುರು ನಿಂತರೆ ಅಷ್ಟಗಲದ ಮುಖ 35ರಲ್ಲಿ ಹಿಡಿಸುವುದಿಲ್ಲ, ರಸ್ತೆ ದಾಟಿ ಹಿಂದಕ್ಕೆ ಸರಿಯಬೇಕು. 1880ರ ದಶಕದಲ್ಲಿ ಛಾಯಾಗ್ರಾಹಕ ದೀನ್ ದಯಾಳ್ ಅದೇ ಮದರಸಾವನ್ನು ದೊಡ್ಡ ಮರದ ಕ್ಯಾಮರಾದಲ್ಲಿ ತೆಗೆದಿದ್ದಾರೆ. ಆ ಚಿತ್ರವನ್ನು ಅವನಿಗೆ ತೋರಿಸಿ, ಅವರು ಎಲ್ಲಿ ನಿಂತಿದ್ದಿರಬೇಕು ಹುಡುಕು ಅಂದೆ.

ಕಳೆದ ಚಳಿಗಾಲದಲ್ಲಿ ಅವನು ಕೃಷ್ಣಮೃಗಗಳ ಚಿತ್ರ ತಂದ. ಮುಕ್ಕಾಲು ಭಾಗ ಕಡಲೆ ಹೊಲ, ಬದುವಿನ ಮೇಲೆ ಕೈಯಲ್ಲಿ ಕೋಲು ಹಿಡಿದು ನಿಂತ ರೈತ, ಬಲು ದೂರದಲ್ಲಿ ಚುಕ್ಕೆಯಷ್ಟು ಕಾಣುವ ಎಂಟು ಮೃಗ. ಬೆಳೆ ಮೇಯುವ ಮೃಗವನ್ನೂ ಬೆಳೆದವನನ್ನೂ ಒಂದೇ ಚೌಕಟ್ಟಿನಲ್ಲಿ ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಟೆಲಿ ಲೆನ್ಸು ಇದ್ದಿದ್ದರೆ ಕೊಂಬು ಮಾತ್ರ ಬಂದಿರುತ್ತಿತ್ತು, ರೈತ ಹೊರಗೆ ಉಳಿಯುತ್ತಿದ್ದ ಎಂದು ನಾನು ಅನ್ನುವಷ್ಟರಲ್ಲಿ ಅವನೇ ಶುರು ಮಾಡಿದ: "ಟೆಲಿ ಒಂದು ಬೇಕಾಗ್ತದ ಮಾಮಾ. ದೊಡ್ಡದೇನ್ ಬ್ಯಾಡ. ಮುಂಜಾನಿ ಬೆಳಕಿನಾಗ ಎಫ್ 5.6 ನಡೀತದ, ನಾ ನೋಡೀನಿ."