ನೇತ್ರಾಣಿಯಲ್ಲಿ ನೋಡಿದ್ದೇನು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಂದಿಗೆ ನೀರೆಂದರೆ ಭೀಮೆ, ಕೃಷ್ಣೆ, ಡೋಣಿ. ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕು. ಇಳಿದವರು ಮುರುಡೇಶ್ವರದ 123 ಅಡಿಯ ಶಿವನಿಗೆ ಕೈಮುಗಿದು, ಅಲೆಯಲ್ಲಿ ಕಾಲು ತೋಯಿಸಿಕೊಂಡು ತಿರುಗಿ ಬಸ್ಸು ಹತ್ತುತ್ತಿದ್ದರು. ಈಗ ಆ ಪಟ್ಟಿಗೆ ಇನ್ನೊಂದು ಸೇರಿದೆ: ದಡದಿಂದ ಸುಮಾರು 19 ಕಿ.ಮೀ. ಆಚೆಯ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್.

ಪುನೀತ್ ರಾಜ್‌ಕುಮಾರ್ ನಟಿಸಿ, ಅಮೋಘವರ್ಷ ನಿರ್ದೇಶಿಸಿದ ‘ಗಂಧದ ಗುಡಿ’ (2022) ಈ ದ್ವೀಪದ ನೀರೊಳಗನ್ನು ಕನ್ನಡಿಗರ ಮನೆಮನೆಗೆ ತಂದಿತು. ಒಂದು ಕಾಲಕ್ಕೆ ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಬಂಡೆಗುಡ್ಡ ಇದು. ಬಿಳಿಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುತ್ತದೆ. ಬುಡದಲ್ಲಿ ಹವಳ, ಗಿಳಿಮೀನು, ಚಿಟ್ಟೆಮೀನು, ಬರಾಕುಡ, ಅದೃಷ್ಟವಿದ್ದರೆ ಆಮೆ.

ಈಜು ಬಾರದವರನ್ನೂ ನೀರಿಗಿಳಿಸುವ ಈ ವ್ಯವಸ್ಥೆಯ ಕಸುಬುದಾರಿಕೆಯನ್ನು ಮೆಚ್ಚಲೇಬೇಕು. ತರಬೇತುದಾರ ಹಿಂದಿನಿಂದ ಸಿಲಿಂಡರ್ ಹಿಡಿದಿರುತ್ತಾನೆ. ಇಳಿದವರ ಕೆಲಸ ಬಾಯಲ್ಲಿ ಉಸಿರಾಡುವುದು, ಆಗಾಗ ಮೂಗು ಹಿಡಿದು ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳುವುದು. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡು ಪಟ್ಟು. ಉಸಿರು ಬಿಗಿಹಿಡಿದು ಮೇಲೆ ಬಂದರೆ ಎದೆಯೊಳಗಿನ ಗಾಳಿ ಹಿಗ್ಗಿ ಪುಪ್ಪುಸವನ್ನೇ ಹರಿದೀತು. ಅದಕ್ಕೇ ಮೊದಲ ಪಾಠ, ಉಸಿರು ಕಟ್ಟಬೇಡಿ. ಎರಡನೆಯದು ಕೈಸನ್ನೆ. ಊರಲ್ಲಿ ಹೆಬ್ಬೆರಳೆತ್ತಿದರೆ ‘ಚಲೋ ಐತಿ’. ಅಲ್ಲಿ ‘ಮ್ಯಾಲ ಕರಕೊಂಡ ಹೋಗು’. ಖುಷಿಯಿಂದ ಹೆಬ್ಬೆರಳೆತ್ತಿದವರ ಡೈವ್ ಅಲ್ಲಿಗೇ ಮುಗಿಯಬಹುದು!

ಸುರಕ್ಷತೆಗೆ ಇರುವ ಈ ಶ್ರದ್ಧೆ ನೋಡುವುದನ್ನು ಕಲಿಸುವುದರಲ್ಲಿ ಇಲ್ಲ. ಸುಮಾರು ಅರ್ಧ ಗಂಟೆಯ ಡೈವ್‌ನ ಕೇಂದ್ರಬಿಂದು ಕ್ಯಾಮೆರಾ. ಮುಖ ಅದರತ್ತ, ಮೀನು ಹಿನ್ನೆಲೆಯಲ್ಲಿ. ಮರಳಿದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಮೊಬೈಲ್ ತೆಗೆದು ತೋರಿಸುತ್ತಾರೆ. ಹಳದಿ ಮೀನಿನ ಹೆಸರು ಯಾರಿಗೂ ಬೇಕಿಲ್ಲ. ಹವಳವನ್ನು ಬಹುಮಂದಿ ಕಲ್ಲೆಂದೇ ತಿಳಿಯುತ್ತಾರೆ. ಅದು ಒಡಲಲ್ಲಿ ಪಾಚಿ ಸಾಕಿಕೊಂಡು, ಆ ಪಾಚಿ ಉಣಿಸಿದ್ದನ್ನು ಉಂಡು ಬದುಕುವ ಪುಟ್ಟ ಪ್ರಾಣಿಗಳ ವಸಾಹತು. ನೀರು ವಿಪರೀತ ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಬಿಳುಚುತ್ತದೆ. ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್‌ನಷ್ಟು ಬೆಳೆದರೆ ಹೆಚ್ಚು. ಕಾಲಿಗೆ ತೊಟ್ಟ ಫಿನ್‌ನ ಒಂದು ಒದೆತ ಹಲವು ವರ್ಷಗಳ ಬೆಳವಣಿಗೆಯನ್ನು ಮುರಿಯಬಲ್ಲದು. 1972ರ ವನ್ಯಜೀವಿ ಕಾಯ್ದೆಯಲ್ಲಿ ದಿಬ್ಬ ಕಟ್ಟುವ ಹವಳ ಹುಲಿಯ ಜೊತೆ ಒಂದನೇ ಅನುಸೂಚಿಯಲ್ಲೇ ಇದೆ. ಬಂಡೀಪುರದಲ್ಲಿ ಹುಲಿಯ ಮೈ ಸವರಲು ಯಾರೂ ಜೀಪಿನಿಂದ ಇಳಿಯುವುದಿಲ್ಲ. ಇಲ್ಲಿ ಮಾತ್ರ ಕೈ ಚಾಚುವವರಿದ್ದಾರೆ.

ಅಂಡಮಾನಿನ ವಂಡೂರಿನಲ್ಲಿ 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಇದಕ್ಕೆ ಒಳ್ಳೆಯ ಹೋಲಿಕೆ. ಅಲ್ಲಿ ಜಾಲಿ ಬಾಯ್ ಮತ್ತು ರೆಡ್‌ಸ್ಕಿನ್ ದ್ವೀಪಗಳನ್ನು ಪಾಳಿಯ ಮೇಲೆ ತೆರೆಯುತ್ತಾರೆ. ಒಂದಕ್ಕೆ ಜನ ಬಂದರೆ ಇನ್ನೊಂದಕ್ಕೆ ವಿರಾಮ. ದೋಣಿ ಹತ್ತುವ ಮುಂಚೆ ಪ್ಲಾಸ್ಟಿಕ್‌ಗೆ ತಡೆ. ಪ್ರವಾಸಿಗರು ಗೊಣಗಿಯಾದರೂ ಪಾಲಿಸುತ್ತಾರೆ. ನೇತ್ರಾಣಿಗೆ ಮಳೆಗಾಲ ತಾನಾಗಿಯೇ ರಜೆ ಕೊಡುತ್ತದೆ. ಉಳಿದ ತಿಂಗಳುಗಳ ಜನಸಂದಣಿಗೆ ಲೆಕ್ಕ ಹಾಕಬೇಕಾದವರು ಮನುಷ್ಯರೇ.

ದುಬಾರಿ ಸುಧಾರಣೆಯೇನೂ ಬೇಕಿಲ್ಲ. ದಡದಿಂದ ದ್ವೀಪ ತಲುಪುವವರೆಗಿನ ಹೊತ್ತು ಹೆಚ್ಚಾಗಿ ವಾಕರಿಕೆ ಮತ್ತು ಹಾಡಿನಲ್ಲಿ ಕಳೆಯುತ್ತದೆ. ಅದರಲ್ಲಿ ಹತ್ತು ನಿಮಿಷ ಮೀನುಗಳ ಚಿತ್ರಫಲಕ ಹಿಡಿದು ಕನ್ನಡದಲ್ಲಿ ಮಾತಾಡಿದರೆ ಸಾಕು. ಗಿಳಿಮೀನು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತ, ಜೊತೆಗೆ ನುಂಗಿದ ಸುಣ್ಣವನ್ನು ಅರೆದು ಮರಳಾಗಿ ಹೊರಹಾಕುತ್ತದೆ ಎಂದು ಹೇಳಿದರೆ, ಬಾಗೇವಾಡಿಯ ಹುಡುಗನೊಬ್ಬ ನೀರೊಳಗೆ ಕ್ಯಾಮೆರಾ ಬಿಟ್ಟು ಅದರ ಬಾಯಿ ಹುಡುಕಿಯಾನು. ಚಳಿಗಾಲದಲ್ಲಿ ಅವನೂರಿನ ಪಕ್ಕದ ಆಲಮಟ್ಟಿ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತದೆ. ಅದನ್ನು ನೋಡಲು ಸಿಲಿಂಡರ್ ಕೂಡ ಬೇಡ.